ಆಶ್ರಯವೂ ಬಹಿಷ್ಕಾರವೂ: ಕೊಚ್ಚಿ, ತಿರುವಾಂಕೂರು ಮತ್ತು ಕೆಲವು ಕಥೆಗಳು

ಶರಣಾಗತರಕ್ಷಣೆಯು ರಾಜಧರ್ಮವೆಂಬುದು ಭಾರತೀಯ ಕಾವ್ಯಪರಂಪರೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು. ಪಾರಿವಾಳವನ್ನು ಉಳಿಸಲು ತನ್ನ ಮೈಯ ಮಾಂಸವನ್ನೇ ತೂಗಿಕೊಟ್ಟ ಶಿಬಿಯ ಕಥೆಯೂ, ಕಡಲ ತೀರದಲ್ಲಿ ರಾಮನ ಮೊರೆಹೊಕ್ಕ ವಿಭೀಷಣನ ಕಥೆಯೂ ಈ ಧರ್ಮದ ಎರಡು ನಿದರ್ಶನಗಳಾಗಿ ಜನಮನದಲ್ಲಿ ನಿಂತಿವೆ. ಆದರೆ ಇವೆರಡೂ ಒಂದೇ ಬಗೆಯವಲ್ಲ. ಪಾರಿವಾಳದ ಬೆನ್ನು ಹತ್ತಿದ್ದು ಗಿಡುಗ. ಅಲ್ಲಿ ಹಗೆಯು ಹೊರಗಿನದು, ಕಣ್ಣಿಗೆ ಕಾಣುವಂಥದು. ವಿಭೀಷಣನನ್ನು ಹೊರದೂಡಿದವನಾದರೋ ಒಡಹುಟ್ಟಿದ ಅಣ್ಣ. ಆದುದರಿಂದಲೇ ಅವನು ಬಂದಾಗ ಸುಗ್ರೀವನಿಗೆ ಸಂಶಯ ಹುಟ್ಟುತ್ತದೆ. ಬಂದವನು ಯಾರು, ಏಕೆ ಬಂದನು, ನಂಬಬಹುದೇ ಎಂಬ ಚರ್ಚೆ ನಡೆಯುತ್ತದೆ. ಪರರ ಹಗೆಗೆ ಅಂಜಿ ಓಡಿಬಂದವರಿಗೆ ಬಾಗಿಲು ತೆರೆಯುವುದು ಒಂದು ನ್ಯಾಯ. ತನ್ನವರಿಂದಲೇ ತ್ಯಜಿಸಲ್ಪಟ್ಟವರಿಗೆ ಬಾಗಿಲು ತೆರೆಯುವುದು ಮತ್ತೊಂದು ನ್ಯಾಯ. ಮೊದಲನೆಯದನ್ನು ಬಲ್ಲ ಸಮಾಜಗಳು ಎರಡನೆಯದನ್ನೂ ಬಲ್ಲವೆಂದು ಹೇಳುವಂತಿಲ್ಲ. ಕೇರಳದ ಎರಡು ಹಳೆಯ ರಾಜ್ಯಗಳ ಇತಿಹಾಸವೂ, ಕನ್ನಡ ಮಲಯಾಳಗಳ ಕೆಲವು ಕಥೆಗಳೂ ಈ ಭೇದವನ್ನು ಅರಿಯಲು ಒಳ್ಳೆಯ ಸಾಮಗ್ರಿಯನ್ನು ಒದಗಿಸುತ್ತವೆ.

ಈ ವಿಚಾರವು ಇಂದು ಕೇವಲ ಇತಿಹಾಸದ್ದಲ್ಲ. ವಿಶ್ವಸಂಸ್ಥೆಯ ಆಶ್ರಯದಲ್ಲಿ 1951ರಲ್ಲಿ ರೂಪುಗೊಂಡ ನಿರಾಶ್ರಿತರ ಒಡಂಬಡಿಕೆಯು ಪರದೇಶದಲ್ಲಿ ಆಶ್ರಯ ಬೇಡುವವನಿಗೆ ಐದು ಆಧಾರಗಳನ್ನು ಗುರುತಿಸಿತು: ಜನಾಂಗ, ಮತಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟವಾದ ಒಂದು ಸಾಮಾಜಿಕ ವರ್ಗಕ್ಕೆ ಸೇರಿರುವಿಕೆ, ರಾಜಕೀಯ ಅಭಿಪ್ರಾಯ. ಇವುಗಳ ಪೈಕಿ ಒಂದರ ದೆಸೆಯಿಂದ ಹಿಂಸೆಗೆ ಗುರಿಯಾಗುವ ಸಕಾರಣವಾದ ಭಯವಿದ್ದವನೇ ನಿರಾಶ್ರಿತನು. ಉಳಿದ ನಾಲ್ಕರ ಅರ್ಥ ಹೆಚ್ಚು ಕಡಮೆ ಸ್ಪಷ್ಟ. ನಾಲ್ಕನೆಯದಾದ ಸಾಮಾಜಿಕ ವರ್ಗವೆಂಬುದು ಸ್ವೀಡನ್ನಿನ ಪ್ರತಿನಿಧಿಯ ಸೂಚನೆಯ ಮೇರೆಗೆ, ಬಹುಮಟ್ಟಿಗೆ ಚರ್ಚೆಯೇ ಇಲ್ಲದೆ, ಕೊನೆಯ ಹಂತದಲ್ಲಿ ಸೇರಿದ ಪದಗುಚ್ಛ. ಅದರ ಅರ್ಥವೇನೆಂದು ಒಡಂಬಡಿಕೆ ವಿವರಿಸಲಿಲ್ಲ. ಹೆಸರಿಲ್ಲದ ದುಃಖಗಳೆಲ್ಲ ಮುಂದೆ ಆ ಒಂದು ಬಾಗಿಲಿನಲ್ಲಿ ಬಂದು ನಿಂತವು: ಗಂಡನಿಂದ ಹೊರದೂಡಲ್ಪಟ್ಟ ಹೆಂಗಸು, ಕುಲದ ಕಟ್ಟನ್ನು ಮೀರಿದವಳು, ಪುರುಷನನ್ನು ಪ್ರೀತಿಸುವ ಪುರುಷ, ಸ್ತ್ರೀಯನ್ನು ಪ್ರೀತಿಸುವ ಸ್ತ್ರೀ. ಇವರಲ್ಲಿ ಹೆಚ್ಚಿನವರ ಹಿಂಸಕರು ಪರಕೀಯರಲ್ಲ, ಮನೆಯವರು ಎಂಬುದು ಗಮನಾರ್ಹ.

ಮೊದಲ ಬಗೆಯ ಆಶ್ರಯಕ್ಕೆ ಕೊಚ್ಚಿಗಿಂತ ಉಜ್ಜ್ವಲವಾದ ನಿದರ್ಶನ ದಕ್ಷಿಣದಲ್ಲಿ ವಿರಳ. ಕೊಡುಂಗಲ್ಲೂರಿನ ಕಡೆಯಿಂದ ನೆಲೆ ತಪ್ಪಿ ಬಂದ ಯೆಹೂದ್ಯರಿಗೆ ಕೊಚ್ಚಿಯ ಅರಸನು ಮಟ್ಟಾಂಚೇರಿಯಲ್ಲಿ ತನ್ನ ಅರಮನೆಗೂ ದೇವಾಲಯಕ್ಕೂ ತಾಗಿದ ನೆಲವನ್ನೇ ಕೊಟ್ಟನು. 1568ರಲ್ಲಿ ಅಲ್ಲಿ ಎದ್ದ ಪರದೇಶಿ ಯೆಹೂದ್ಯರ ಪ್ರಾರ್ಥನಾಮಂದಿರವು ಇಂದಿಗೂ ನಿಂತಿದೆ. ಗೋವೆಯಲ್ಲಿ ಪೋರ್ಚುಗೀಸರ ಮತವಿಚಾರಣೆಯ ನ್ಯಾಯಾಲಯವು 1560ರಲ್ಲಿ ಆರಂಭವಾಯಿತು. ಸಾಷ್ಟಿ ಪ್ರಾಂತದ ದೇವಾಲಯಗಳು 1567ರ ಹೊತ್ತಿಗೆ ನೆಲಸಮವಾದವು. ವೆರ್ಣೆಯ ಮ್ಹಾಳಸಾ ದೇವಿಯು ನದಿಯಾಚೆಯ ಮಾರ್ದೋಳಕ್ಕೆ ವಲಸೆ ಹೋಗಬೇಕಾಯಿತು. ದೇವತೆಗಳೇ ಊರು ಬಿಟ್ಟ ಆ ಕಾಲದಲ್ಲಿ ಕೊಂಕಣಿ ಮಾತಾಡುವ ಸಾರಸ್ವತರು ಕಡಲ ಕರೆಯುದ್ದಕ್ಕೂ ತೆಂಕಣಕ್ಕೆ ಬಂದರು. ಕೆಲವರು ತುಳುನಾಡಿನಲ್ಲಿ ನಿಂತರು. ಕೆಲವರು ಕೊಚ್ಚಿಯವರೆಗೆ ಹೋಗಿ ತಿರುಮಲ ದೇವಸ್ವದ ದೇವಾಲಯವನ್ನು ಕಟ್ಟಿಕೊಂಡರು. ಆಶ್ರಯ ಪಡೆದವರು ಆಶ್ರಯ ಕೊಟ್ಟ ನಾಡಿಗೆ ಏನನ್ನು ಮರಳಿಸಿದರೆಂಬುದಕ್ಕೆ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ‘ಹೋರ್ತುಸ್ ಮಲಬಾರಿಕುಸ್’ ಎಂಬ ಸಸ್ಯಗ್ರಂಥವೇ ಸಾಕ್ಷಿ. ಅದರ ರಚನೆಯಲ್ಲಿ ಈಳವ ವೈದ್ಯ ಇಟ್ಟಿ ಅಚ್ಯುತನ ಜೊತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ಪಾಲಿದೆ. 1675ರಲ್ಲಿ ಅವರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ದೃಢೀಕರಣವು ಆ ಗ್ರಂಥದಲ್ಲೇ ಅಚ್ಚಾಗಿದೆ.

ಈ ಮಹಾನಿರ್ಗಮನವನ್ನು ಕನ್ನಡದಲ್ಲಿ ವಿಸ್ತಾರವಾಗಿ ಹಿಡಿದಿಟ್ಟ ಕೃತಿ ಗೋಪಾಲಕೃಷ್ಣ ಪೈಯವರ ‘ಸ್ವಪ್ನ ಸಾರಸ್ವತ’. 2009ರಲ್ಲಿ ಪ್ರಕಟವಾಗಿ 2011ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಈ ಕಾದಂಬರಿಯು ಗೋವೆಯನ್ನು ಬಿಟ್ಟ ಸಾರಸ್ವತರ ಹಲವು ತಲೆಮಾರುಗಳ ಬಾಳನ್ನು ಚಿತ್ರಿಸುತ್ತದೆ. ಇದರ ನಾಯಕನು ಯಾರೆಂದು ಕೇಳಿದರೆ ಒಬ್ಬ ವ್ಯಕ್ತಿಯ ಹೆಸರನ್ನು ಹೇಳುವುದು ಕಷ್ಟ. ನಿಜವಾದ ನಾಯಕ ಒಂದು ಸಮುದಾಯವೇ. ಅದೇ ಕೃತಿಯ ಬಲ. ಊರು, ಹೊಲ, ದೇವರು, ಮಾತು ಎಲ್ಲವೂ ಒಟ್ಟಿಗೆ ಅಪಾಯಕ್ಕೆ ಸಿಲುಕಿದಾಗ ಒಬ್ಬೊಬ್ಬನ ನೋವು ಎಲ್ಲರ ನೋವಾಗುತ್ತದೆ. ಓಡುವುದೂ ಒಟ್ಟಿಗೆ, ನೆಲೆಯೂರುವುದೂ ಒಟ್ಟಿಗೆ. ಇಂಥ ಕಥೆಗೆ ಮಹಾಕಾವ್ಯದ ಹರಹು ತಾನಾಗಿ ಒದಗುತ್ತದೆ. ಆದರೆ ಇದೇ ಮಾತು ಆ ಬಗೆಯ ಕಥನದ ಮಿತಿಯನ್ನೂ ಸೂಚಿಸುತ್ತದೆ. ಸಮುದಾಯವೇ ನಾಯಕನಾದಲ್ಲಿ ಸಮುದಾಯದಿಂದ ನೊಂದವನ ದನಿಯು ಉಪಕಥೆಯಾಗಿಯೇ ಉಳಿಯಬೇಕಾಗುತ್ತದೆ. ನೆಲ ಕಳೆದುಕೊಂಡು ಬಂದವರು ಹೊಸ ನೆಲದಲ್ಲಿ ಮೊದಲು ಕಟ್ಟುವುದು ದೇವಾಲಯವನ್ನು. ಅದರ ಜೊತೆಗೇ ಕಟ್ಟುಕಟ್ಟಳೆಗಳನ್ನು. ಆ ಕಟ್ಟಳೆಯು ಯಾರನ್ನು ಹೊರಗಿಟ್ಟಿತು ಎಂಬ ಪ್ರಶ್ನೆಗೆ ವಲಸೆಯ ಮಹಾಕಥನದಲ್ಲಿ ಎಡೆ ಕಿರಿದು.

ಇತಿಹಾಸದಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿದೆ. ಕೊಚ್ಚಿಯಲ್ಲಿ ಆಶ್ರಯ ಪಡೆದ ಪರದೇಶಿ ಯೆಹೂದ್ಯರು ತಮ್ಮಲ್ಲೇ ಬಿಡುಗಡೆ ಹೊಂದಿದ ದಾಸರ ಸಂತತಿಯನ್ನು ‘ಮೆಶುಹ್ರಾರೀಮ್’ ಎಂದು ಬೇರೆಯಾಗಿ ಎಣಿಸಿದರು. ಅದೇ ಮತ, ಅದೇ ಪ್ರಾರ್ಥನೆ. ಆದರೂ ಅವರಿಗೆ ಮಂದಿರದೊಳಗೆ ಸರಿಸಮನಾದ ಆಸನವಿರಲಿಲ್ಲ, ಆ ಮನೆತನಗಳೊಡನೆ ವಿವಾಹಸಂಬಂಧವಿರಲಿಲ್ಲ. ಈ ವರ್ಗದಲ್ಲೇ ಹುಟ್ಟಿ ವಕೀಲರಾದ ಎ. ಬಿ. ಸೇಲಂ (1882–1967) ಅವರು ಗಾಂಧೀಜಿಯ ಸತ್ಯಾಗ್ರಹದ ಮಾರ್ಗವನ್ನು ಪ್ರಾರ್ಥನಾಮಂದಿರದ ಒಳಗೇ ತಂದು, ಈ ಭೇದದ ವಿರುದ್ಧ ದಶಕಗಳ ಕಾಲ ಹೋರಾಡಿದರು. ಅರಸನಿಂದ ಆಶ್ರಯ ಪಡೆದವರು ತಮ್ಮವರಿಗೆ ಆಸನ ಕೊಡಲು ಮೂರೂವರೆ ಶತಮಾನಗಳಿಗೂ ಹೆಚ್ಚು ಕಾಲ ತೆಗೆದುಕೊಂಡರು. ಇದು ಯೆಹೂದ್ಯರ ದೋಷವೆಂದು ಭಾವಿಸುವುದು ತಪ್ಪು. ಜಾತಿಯಿಂದ ತುಂಬಿದ ನೆಲದಲ್ಲಿ ಒಂದು ಸಮುದಾಯವಾಗಿ ಗೌರವ ಪಡೆಯಬೇಕಾದರೆ ತನ್ನೊಳಗೂ ಮೇಲುಕೀಳನ್ನು ತೋರಿಸಬೇಕಾಗಿತ್ತು. ಆಶ್ರಯದ ಜೊತೆಗೆ ಆಶ್ರಯದಾತನ ಸಮಾಜದ ಅಚ್ಚೂ ಬಂತು.

ಸಮುದಾಯಕ್ಕೆ ಕೊಟ್ಟ ಆಶ್ರಯವು ಅರಸನ ಇಚ್ಛೆಯ ಮೇಲೆ ನಿಂತಿರುತ್ತದೆ ಎಂಬುದನ್ನೂ ಕೊಚ್ಚಿಯೇ ತೋರಿಸಿತು. 1791ರಲ್ಲಿ ಶಕ್ತನ್ ತಂಬುರಾನ್ ಎಂದು ಪ್ರಸಿದ್ಧನಾದ ರಾಮವರ್ಮನು ಕೊಂಕಣಿ ವರ್ತಕರ ಮುಖಂಡನಾದ ದೇವರಸ ಕಿಣಿಯನ್ನೂ ಇತರರನ್ನೂ ಕೊಲ್ಲಿಸಿ, ದೇವಾಲಯದ ಸಂಪತ್ತಿಗೆ ಕೈಹಾಕಿದನು. ಕೊಂಕಣಿಗರು ತಮ್ಮ ವೆಂಕಟಾಚಲಪತಿಯ ವಿಗ್ರಹವನ್ನು ಹೊತ್ತುಕೊಂಡು ತಿರುವಾಂಕೂರಿನ ಆಲಪ್ಪುಳಕ್ಕೆ ಓಡಿದರು. ಅರ್ಧ ಶತಮಾನಕ್ಕೂ ಮಿಗಿಲಾಗಿ ಆ ದೇವರು ಅಲ್ಲೇ ಇದ್ದನು. ಆಗ ತಿರುವಾಂಕೂರನ್ನು ಆಳುತ್ತಿದ್ದ ಕಾರ್ತಿಕ ತಿರುನಾಳ್ ರಾಮವರ್ಮನು ಮಲಬಾರಿನ ಯುದ್ಧಗಳಿಂದ ಓಡಿಬಂದವರಿಗೆ ನೆಲೆ ಕೊಟ್ಟು ‘ಧರ್ಮರಾಜ’ನೆಂಬ ಹೆಸರನ್ನು ಪಡೆದವನು, ರಾಜಧಾನಿಯನ್ನು ಪದ್ಮನಾಭಪುರದಿಂದ ತಿರುವನಂತಪುರಕ್ಕೆ ತಂದವನೂ ಅವನೇ. ಹೀಗೆ ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ತೆರೆಯಿತು. ಗುಂಪಾಗಿ ಹೋದವರಿಗೆ, ದೇವರನ್ನೂ ಧನವನ್ನೂ ವಿದ್ಯೆಯನ್ನೂ ಜೊತೆಗೆ ಒಯ್ದವರಿಗೆ, ಬಾಗಿಲು ಎಲ್ಲಾದರೂ ತೆರೆಯುತ್ತದೆ.

ಒಂಟಿಯಾಗಿ ಹೋದವರ ಪಾಡೇನು? ಅದೇ ಕೊಚ್ಚಿ ರಾಜ್ಯದಲ್ಲಿ 1905ರಲ್ಲಿ ನಡೆದ ಕುರಿಯೇಡತ್ತು ತಾತ್ರಿಯ ಸ್ಮಾರ್ತವಿಚಾರವು ಈ ಪ್ರಶ್ನೆಯನ್ನು ಅತ್ಯಂತ ಕ್ರೂರವಾಗಿ ಮುಂದಿಡುತ್ತದೆ. ನಂಬೂದಿರಿ ಸ್ತ್ರೀಯ ಶೀಲದ ಮೇಲೆ ಸಂಶಯ ಬಂದಾಗ ನಡೆಯುತ್ತಿದ್ದ ಈ ವಿಚಾರಣೆಗೆ ಅರಸನ ಅನುಮತಿ ಬೇಕು. ಅರಸನ ಪ್ರತಿನಿಧಿಯ ಸಮಕ್ಷದಲ್ಲೇ ಅದು ನಡೆಯಬೇಕು. ಆರೋಪಕ್ಕೆ ಗುರಿಯಾದವಳನ್ನು ‘ಸಾಧನಂ’ ಎಂದು ಕರೆಯುತ್ತಿದ್ದರು. ಎಂದರೆ ಆ ಗಳಿಗೆಯಿಂದ ಅವಳು ವ್ಯಕ್ತಿಯಲ್ಲ, ವಸ್ತು. ದೋಷ ಸಿದ್ಧವಾದರೆ ಬಂಧುಗಳು ಅವಳು ಬದುಕಿರುವಾಗಲೇ ಉತ್ತರಕ್ರಿಯೆಗಳನ್ನು ಮಾಡಿ ನೀರಿನ ಸಂಬಂಧವನ್ನು ಕಡಿದುಕೊಳ್ಳುತ್ತಿದ್ದರು. ತಾತ್ರಿಯು ತನ್ನೊಡನೆ ಸಂಬಂಧವಿದ್ದ ಪುರುಷರ ಹೆಸರುಗಳನ್ನು ಒಂದೊಂದಾಗಿ, ಕುರುಹು ಸಹಿತವಾಗಿ ಹೇಳಿದಳು. 64 ಮಂದಿ ಬಹಿಷ್ಕೃತರಾದರೆಂಬುದು ಪ್ರಸಿದ್ಧ. ಕಥಕಳಿಯ ಮಹಾನಟ ಕಾವುಂಗಲ್ ಶಂಕರ ಪಣಿಕ್ಕರ್ ಅವರಲ್ಲಿ ಒಬ್ಬ. ಪುರುಷರಿಗೂ ತಮ್ಮ ಪರವಾಗಿ ವಾದಿಸಲು ಅವಕಾಶ ದೊರೆತದ್ದು ಈ ವಿಚಾರಣೆಯ ಹೊಸತನ. ಯೆಹೂದ್ಯರಿಗೆ ಅರಮನೆಯ ಮಗ್ಗುಲಲ್ಲೇ ನೆಲ ಕೊಟ್ಟ ಸಿಂಹಾಸನವು ತನ್ನದೇ ಪ್ರಜೆಯಾದ ಒಬ್ಬ ಹೆಂಗಸಿನ ನಾಗರಿಕ ಮರಣಕ್ಕೆ ಅಂಕಿತ ಹಾಕಿತು. ಅವಳು ಆಮೇಲೆ ಎಲ್ಲಿಗೆ ಹೋದಳೆಂಬುದನ್ನು ಜನಶ್ರುತಿಯಷ್ಟೇ ಹೇಳುತ್ತದೆ.

ಮಲಯಾಳ ಸಾಹಿತ್ಯವು ಅವಳನ್ನು ಬಿಟ್ಟುಕೊಡಲಿಲ್ಲ. ಮಾಡಂಬು ಕುಂಞುಕುಟ್ಟನ್ನರ ‘ಭ್ರಷ್ಟ್’ (1973) ಕಾದಂಬರಿಗೆ ಈ ಪ್ರಕರಣವೇ ವಸ್ತು. ಅದಕ್ಕೂ ಮುಂಚೆ, ನಂಬೂದಿರಿ ಅಂತಃಪುರವನ್ನು ಒಳಗಿನಿಂದ ಬಲ್ಲ ಲಲಿತಾಂಬಿಕಾ ಅಂತರ್ಜನಂ (1909–1987) ತಮ್ಮ ‘ಪ್ರತಿಕಾರದೇವತೆ’ ಎಂಬ ಸಣ್ಣಕಥೆಯಲ್ಲಿ ತಾತ್ರಿಯನ್ನು ಮರಳಿ ಕರೆದರು. ಅಲ್ಲಿ ತಾತ್ರಿಯು ರಾತ್ರಿಯ ವೇಳೆ ಒಬ್ಬ ಲೇಖಕಿಯ ಮುಂದೆ ಪ್ರೇತರೂಪದಲ್ಲಿ ಬಂದು ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಈ ತಂತ್ರದ ಔಚಿತ್ಯವನ್ನು ಗಮನಿಸಬೇಕು. ಬದುಕಿರುವಾಗಲೇ ಶ್ರಾದ್ಧವಾದವಳು ಮಾತಾಡಬೇಕಾದರೆ ಪ್ರೇತವಾಗಿಯೇ ಮಾತಾಡಬೇಕು. ಸ್ಮಾರ್ತನ ಮುಂದೆ ಅವಳು ಆಡಿದ್ದು ಅವನ ಪ್ರಶ್ನೆಗಳಿಗೆ ಉತ್ತರ. ಲೇಖಕಿಯ ಮುಂದೆ ಆಡುವುದು ತನ್ನ ಮಾತು. ಆಶ್ರಯವೆಂಬುದರ ಮೊದಲ ಮೆಟ್ಟಿಲು ನೆಲವಲ್ಲ, ಕೇಳುವ ಕಿವಿ ಎಂಬುದನ್ನು ಈ ಕಥೆ ಕಂಡಿದೆ.

ಕನ್ನಡದಲ್ಲಿ ಇದಕ್ಕೆ ಸರಿದೊರೆಯಾಗಿ ನಿಲ್ಲುವ ಕಥೆ ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’. 1963ರ ‘ಪ್ರಶ್ನೆ’ ಸಂಕಲನದ ಈ ಕಥೆಯನ್ನು ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಚಲನಚಿತ್ರವಾಗಿಸಿದರು. ಇಲ್ಲಿ ಗರ್ಭಿಣಿಯಾದ ತರುಣ ವಿಧವೆ ಯಮುನಕ್ಕನಿಗೆ ಹೆತ್ತ ತಂದೆಯೇ ಘಟಶ್ರಾದ್ಧ ಮಾಡುತ್ತಾನೆ. ಅರಸನೂ ಇಲ್ಲ, ಸ್ಮಾರ್ತನೂ ಇಲ್ಲ. ಅಗ್ರಹಾರದ ಕಣ್ಣುಗಳೇ ನ್ಯಾಯಾಲಯ. ವೇದಪಾಠಕ್ಕೆ ಬಂದ ಒಬ್ಬ ಬಾಲಕನ ದೃಷ್ಟಿಯಲ್ಲಿ ಕಥೆ ಸಾಗುವುದರಿಂದ ತೀರ್ಪಿನ ಕ್ರೌರ್ಯವು ವಾದವಿಲ್ಲದೆ ವೇದ್ಯವಾಗುತ್ತದೆ. ಅವಳ ಪಕ್ಷದಲ್ಲಿ ನಿಂತವನು ಆ ಹುಡುಗನೊಬ್ಬನೇ. ಅವನಿಗಾದರೋ ಕೊಡಲು ಆಶ್ರಯವಿಲ್ಲ. ಇದೇ ಲೇಖಕರ ‘ಸಂಸ್ಕಾರ’ದ (1965) ನಾರಣಪ್ಪನೊಡನೆ ಯಮುನಕ್ಕನನ್ನು ಹೋಲಿಸಿದರೆ ಒಂದು ಮುಖ್ಯವಾದ ಭೇದ ಹೊಳೆಯುತ್ತದೆ. ನಾರಣಪ್ಪನು ಎಲ್ಲ ಕಟ್ಟನ್ನೂ ಮುರಿದರೂ ಅಗ್ರಹಾರವು ಅವನನ್ನು ಬಹಿಷ್ಕರಿಸಲಾರದೆ ಹೋಯಿತು. ಬಹಿಷ್ಕರಿಸಿದರೆ ಮುಸಲ್ಮಾನನಾಗುವೆನೆಂದು ಅವನು ಹೆದರಿಸಿದ್ದನು. ಹೋಗಲು ಮತ್ತೊಂದು ಮನೆಯಿದ್ದವನ ಬೆದರಿಕೆಗೆ ಬೆಲೆಯಿತ್ತು. ಯಮುನಕ್ಕನಿಗೆ ಅಂಥ ಮನೆಯಿರಲಿಲ್ಲ. ಬಹಿಷ್ಕಾರದ ಬಲವು ಬಹಿಷ್ಕರಿಸುವವನ ಕೋಪದಲ್ಲಿಲ್ಲ, ಬಹಿಷ್ಕೃತರ ದಾರಿಯಿಲ್ಲದಿರುವಿಕೆಯಲ್ಲಿದೆ.

ಇದೇ ಸತ್ಯವು ತಿರುವಾಂಕೂರಿನ ಮೇಲ್ವಸ್ತ್ರದ ಹೋರಾಟದಲ್ಲಿ ಒಂದು ಇಡೀ ವರ್ಗದ ಮಟ್ಟದಲ್ಲಿ ಕಾಣುತ್ತದೆ. ಅಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವಂತಿರಲಿಲ್ಲ. ಕರ್ನಲ್ ಮನ್ರೋ ಆಡಳಿತದಲ್ಲಿ ಕ್ರೈಸ್ತರಾದವರಿಗೆ ಕುಪ್ಪಸ ತೊಡಲು ಅನುಮತಿ ದೊರೆಯಿತು. ಮತಾಂತರವು ಒಂದು ಮತ್ತೊಂದು ಮನೆಯಾಯಿತು. ಆದರೆ 1829ರ ರಾಜಘೋಷಣೆಯು ಕುಪ್ಪಸವನ್ನು ಕ್ರೈಸ್ತ ಸ್ತ್ರೀಯರಿಗೆ ಉಳಿಸಿ, ಮೇಲುಜಾತಿಯವರಂತೆ ಮೇಲ್ವಸ್ತ್ರ ಹೊದೆಯುವುದನ್ನು ನಿಷೇಧಿಸಿತು. 1858–59ರ ಗಲಭೆಗಳ ಬಳಿಕ, ಮದರಾಸಿನ ಸರ್ಕಾರದ ಒತ್ತಾಯಕ್ಕೆ ಮಣಿದು, 1859ರ ಜುಲೈ 26ರಂದು ಎಲ್ಲ ನಾಡಾರ್ ಸ್ತ್ರೀಯರಿಗೂ ಎದೆ ಮುಚ್ಚುವ ಹಕ್ಕನ್ನು ಕೊಡಲಾಯಿತು. ಆಗಲೂ ಮೇಲುಜಾತಿಯವರ ರೀತಿಯಲ್ಲಿ ಕೂಡದೆಂಬ ನಿಬಂಧನೆ ಉಳಿಯಿತು. ಪರನಾಡಿನವರಿಗೆ ಧರ್ಮರಾಜ್ಯವೆನಿಸಿದ ತಿರುವಾಂಕೂರು ತನ್ನ ಪ್ರಜೆಗಳ ಬಟ್ಟೆಯ ಮಡಿಕೆಯನ್ನು ಅಳೆಯುತ್ತಿತ್ತು. ಇಲ್ಲಿ ಹಿಂಸೆಯ ಕಾರಣ ಮತವಲ್ಲ, ಅಭಿಪ್ರಾಯವಲ್ಲ. ಒಂದು ಜಾತಿಯಲ್ಲಿ ಹೆಣ್ಣಾಗಿ ಹುಟ್ಟಿದ್ದು. 1951ರ ಒಡಂಬಡಿಕೆಯ ನಾಲ್ಕನೆಯ ಆಧಾರಕ್ಕೆ ಇದಕ್ಕಿಂತ ನಿಖರವಾದ ಉದಾಹರಣೆ ಬೇಕಾಗಿಲ್ಲ.

ಆ ಆಧಾರದ ಅರ್ಥವನ್ನು ಪಾಶ್ಚಾತ್ಯ ನ್ಯಾಯಾಲಯಗಳು ನಿಧಾನವಾಗಿ ಕಂಡುಕೊಂಡವು. 1985ರಲ್ಲಿ ಅಮೆರಿಕೆಯ ವಲಸೆ ಮೇಲ್ಮನವಿ ಮಂಡಲಿಯು, ಬದಲಾಯಿಸಲಾಗದ ಅಥವಾ ಬದಲಾಯಿಸೆಂದು ಕೇಳಬಾರದ ಲಕ್ಷಣವೇ ಇಂಥ ವರ್ಗದ ಗುರುತು ಎಂದಿತು. 1993ರಲ್ಲಿ ಕೆನಡದ ಸುಪ್ರೀಂ ಕೋರ್ಟು ಅದನ್ನು ವಿಸ್ತರಿಸಿತು. 1999ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸಿನ ಮುಂದೆ ಬಂದವರು ಪಾಕಿಸ್ತಾನದ ಇಬ್ಬರು ವಿವಾಹಿತ ಸ್ತ್ರೀಯರು: ಗಂಡಂದಿರಿಂದ ಹೊರದೂಡಲ್ಪಟ್ಟು ವ್ಯಭಿಚಾರದ ಆರೋಪ ಹೊತ್ತವರು. ಗಂಡನ ಹಿಂಸೆಯ ಜೊತೆಗೆ ರಾಜ್ಯವು ರಕ್ಷಣೆಯನ್ನು ನಿರಾಕರಿಸಿದರೆ ಅದು ಆ ಒಡಂಬಡಿಕೆಯ ಅರ್ಥದ ಹಿಂಸೆಯೇ ಎಂದು ಲಾರ್ಡರು ತೀರ್ಪಿತ್ತರು. ತಾತ್ರಿಯ ಪ್ರಕರಣದಿಂದ ಈ ತೀರ್ಪಿಗೆ 94 ವರ್ಷಗಳ ಅಂತರ. ಆರೋಪ ಮಾತ್ರ ಅದೇ.

ಈ ನ್ಯಾಯವಿಚಾರದಲ್ಲಿ ಒಂದು ತೊಡಕಿದೆ. ಹಿಂಸೆಗೆ ಗುರಿಯಾದರೆಂಬ ಒಂದೇ ಕಾರಣದಿಂದ ಕೆಲವರನ್ನು ಒಂದು ವರ್ಗವೆನ್ನಲಾಗದು. ಹಾಗೆಂದರೆ ವಾದವು ಸುತ್ತಿಕೊಂಡು ತನ್ನಲ್ಲಿಗೇ ಬರುತ್ತದೆ. ಆಸ್ಟ್ರೇಲಿಯದ ನ್ಯಾಯಮೂರ್ತಿ ಮ್ಯಾಕ್‌ಹ್ಯೂ 1997ರಲ್ಲಿ ಇದಕ್ಕೊಂದು ಸಮಾಧಾನವನ್ನು ಸೂಚಿಸಿದರು. ಎಡಗೈ ಬಳಸುವವರು ಸಾಮಾನ್ಯವಾಗಿ ಒಂದು ವರ್ಗವಲ್ಲ. ಆದರೆ ಎಡಗೈಯ ಕಾರಣಕ್ಕೇ ಅವರನ್ನು ಹಿಂಸಿಸತೊಡಗಿದರೆ ಬೇಗನೆ ಸಮಾಜವು ಅವರನ್ನು ವರ್ಗವಾಗಿ ಗುರುತಿಸುತ್ತದೆ. ಕೇರಳಕ್ಕೆ ಇದು ಊಹೆಯ ಉದಾಹರಣೆಯಲ್ಲ. ಭ್ರಷ್ಟಳೆಂದು ಸಾರಲ್ಪಟ್ಟ ನಂಬೂದಿರಿ ಸ್ತ್ರೀಯ ಮಕ್ಕಳಲ್ಲಿ ಉಪನಯನವಾದವರು ಚಾಕ್ಯಾರರಾಗಿಯೂ ಆಗದವರು ನಂಬಿಯಾರರಾಗಿಯೂ ಬೇರೆ ಜಾತಿಗೆ ಸೇರುತ್ತಿದ್ದರೆಂಬುದು ಅಲ್ಲಿಯ ಜಾತಿವೃತ್ತಾಂತಗಳಲ್ಲಿ ಬರುವ ಮಾತು. ಕೂಡಿಯಾಟ್ಟದ ರಂಗವನ್ನು ಶತಮಾನಗಳ ಕಾಲ ಉಳಿಸಿದ ಈ ಜಾತಿಗಳ ಕಥೆಯಲ್ಲಿ ಬಹಿಷ್ಕಾರವೇ ಹುಟ್ಟಿನ ಕಾರಣ. ಹೊರದೂಡುವ ಕ್ರಿಯೆಯು ವರ್ಗವನ್ನು ನಿರ್ಮಿಸಬಲ್ಲುದೆಂದು ಇದಕ್ಕಿಂತ ಖಚಿತವಾಗಿ ಹೇಳುವುದು ಹೇಗೆ? ಮಕ್ಕಳಿಗಾದರೂ ಒಂದು ಜಾತಿ ದೊರೆಯಿತು. ತಾಯಿಗೆ ಅದೂ ದೊರೆಯಲಿಲ್ಲ.

ಇನ್ನೊಂದು ತೊಡಕು ವಿಚಾರಣೆಯ ಕ್ರಮದ್ದು. ಆಶ್ರಯ ಬೇಡುವವನು ತಾನು ಆ ವರ್ಗದವನೆಂದು ಸಾಧಿಸಬೇಕು. ಅದಕ್ಕಾಗಿ ಅಧಿಕಾರಿಗಳು ಅವನ ಅಂತರಂಗದ ಬಾಳನ್ನು ಕೆದಕಿದ್ದುಂಟು. ದೈಹಿಕ ಪರೀಕ್ಷೆಗಳನ್ನೂ ದೃಶ್ಯಸಾಕ್ಷ್ಯವನ್ನೂ ಕೇಳಿದ್ದುಂಟು. 2014ರಲ್ಲಿ ಯೂರೋಪಿನ ನ್ಯಾಯಾಲಯವು ಇಂಥ ಸಾಕ್ಷ್ಯಗಳನ್ನು ಮಾನವ ಘನತೆಗೆ ವಿರುದ್ಧವೆಂದು ನಿಷೇಧಿಸಿತು. ಊರಿಗೆ ಮರಳಿ ಗುಟ್ಟಾಗಿ ಬಾಳೆಂದು ಸಲಿಂಗಪ್ರೇಮಿಗೆ ಹೇಳುವುದು ನ್ಯಾಯವಲ್ಲವೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿತ್ತು. ಸ್ಮಾರ್ತನ ಪ್ರಶ್ನೆಗಳಿಗೂ ಆಶ್ರಯಾಧಿಕಾರಿಯ ಪ್ರಶ್ನೆಗಳಿಗೂ ಉದ್ದೇಶ ಬೇರೆ: ಒಬ್ಬನು ಹೊರಗಟ್ಟಲು ಕೇಳುತ್ತಾನೆ, ಮತ್ತೊಬ್ಬನು ಒಳಗೆ ಬಿಟ್ಟುಕೊಳ್ಳಲು. ಆದರೆ ಕೇಳುವ ರೀತಿ ಒಂದೇ ಆದರೆ ಉತ್ತರಿಸುವವನು ಎರಡೂ ಕಡೆ ‘ಸಾಧನ’ವೇ ಆಗುತ್ತಾನೆ.

ಭಾರತವು 1951ರ ಒಡಂಬಡಿಕೆಗೆ ಸಹಿ ಹಾಕಿದ ದೇಶವಲ್ಲ. ಆದರೂ ಸಂವಿಧಾನದ 21ನೆಯ ವಿಧಿಯ ಜೀವರಕ್ಷಣೆಯು ಪ್ರಜೆಯಲ್ಲದವನಿಗೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟು 1996ರಲ್ಲಿ ಚಕ್ಮಾ ಜನರ ಪ್ರಕರಣದಲ್ಲಿ ಎತ್ತಿಹಿಡಿಯಿತು. ತನ್ನವರಿಂದಲೇ ನೊಂದ ಪ್ರಜೆಗೆ ದೇಶದ ಒಳಗೇ ಆಶ್ರಯ ಉಂಟೇ ಎಂಬ ಪ್ರಶ್ನೆಗೆ ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟು ಇತ್ತೀಚೆಗೆ ಉತ್ತರ ಹೇಳಬೇಕಾಗಿ ಬಂದಿದೆ. 2018ರ ಸೆಪ್ಟೆಂಬರಿನಲ್ಲಿ, ಸಲಿಂಗಪ್ರೇಮವು ಅಪರಾಧವಲ್ಲವೆಂಬ ಸುಪ್ರೀಂ ಕೋರ್ಟಿನ ತೀರ್ಪು ಬಂದ ಕೆಲವೇ ದಿನಗಳಲ್ಲಿ, ತಿರುವನಂತಪುರದ ಪೊಲೀಸ್ ಕಮಿಷನರರನ್ನು ಪ್ರತಿವಾದಿಯಾಗಿಸಿದ ಒಂದು ಹೇಬಿಯಸ್ ಕಾರ್ಪಸ್ ಅರ್ಜಿ ಅಲ್ಲಿಗೆ ಬಂತು. ತನ್ನ ಸಂಗಾತಿಯನ್ನು ಹೆತ್ತವರು ತಡೆದಿಟ್ಟಿದ್ದಾರೆಂಬುದು ಒಬ್ಬ ಸ್ತ್ರೀಯ ದೂರು. ವಯಸ್ಕಳಾದ ಆ ತರುಣಿಯನ್ನೇ ಕೇಳಿ, ಅವಳ ಇಚ್ಛೆಯಂತೆ ಹೋಗಲು ನ್ಯಾಯಾಲಯ ಬಿಟ್ಟಿತು. 2022ರ ಮೇ 31ರಂದು ಇಂಥದೇ ಇನ್ನೊಂದು ಅರ್ಜಿಯಲ್ಲಿ ಇಬ್ಬರು ತರುಣಿಯರು ಕೂಡಿ ಬಾಳಲು ಅವಕಾಶ ದೊರೆಯಿತು. ಕೇರಳ ಸರ್ಕಾರವು 2015ರಲ್ಲೇ ಲಿಂಗಪರಿವರ್ತಿತರಿಗಾಗಿ ರಾಜ್ಯನೀತಿಯೊಂದನ್ನು ಪ್ರಕಟಿಸಿ, ಈ ದಿಸೆಯಲ್ಲಿ ಇತರ ರಾಜ್ಯಗಳಿಗೆ ಮಾರ್ಗ ತೋರಿಸಿತ್ತು. ಈ ತೀರ್ಪುಗಳು ಉದ್ದವಾದುವಲ್ಲ. ಆದರೆ ಒಂದು ವಿಷಯದಲ್ಲಿ ಅವು ಸ್ಮಾರ್ತವಿಚಾರಕ್ಕೆ ನೇರ ವಿರುದ್ಧವಾಗಿವೆ. ನ್ಯಾಯಾಲಯವು ಕೇಳಿದ್ದು ಅವಳು ಏನು ಮಾಡಿದಳೆಂದಲ್ಲ, ಎಲ್ಲಿಗೆ ಹೋಗಬಯಸುವಳೆಂದು.

ಇಷ್ಟರಿಂದ ಸಾಹಿತ್ಯದ ಬಗೆಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಸಮುದಾಯದ ವಲಸೆಯನ್ನು ಹೇಳುವ ಕೃತಿಯೂ, ಸಮುದಾಯದಿಂದ ಹೊರದೂಡಲ್ಪಟ್ಟವಳ ಕಥೆಯೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಬೇಕಾದವು. ‘ಸ್ವಪ್ನ ಸಾರಸ್ವತ’ವನ್ನು ಮಾತ್ರ ಓದಿದವನಿಗೆ ಆಶ್ರಯದ ಔದಾರ್ಯ ತಿಳಿಯುತ್ತದೆ, ಅದರ ಗಡಿ ತಿಳಿಯದು, ‘ಘಟಶ್ರಾದ್ಧ’ವನ್ನು ಮಾತ್ರ ಓದಿದವನಿಗೆ ಸಮುದಾಯದ ಕ್ರೌರ್ಯ ತಿಳಿಯುತ್ತದೆ, ಅದೇ ಸಮುದಾಯವು ಒಮ್ಮೆ ಎಷ್ಟು ಜನರ ಪ್ರಾಣ ಉಳಿಸಿತೆಂಬುದು ತಿಳಿಯದು. ಆದರೂ ಎರಡನೆಯ ಬಗೆಯ ಕಥೆಗಳಲ್ಲಿ ಒಂದು ಕೊರತೆ ಉಳಿದೇ ಇದೆ. ‘ಘಟಶ್ರಾದ್ಧ’ವು ಅಗ್ರಹಾರದ ಗಡಿಯಲ್ಲಿ ನಿಲ್ಲುತ್ತದೆ, ‘ಪ್ರತಿಕಾರದೇವತೆ’ಯಲ್ಲಿ ತಾತ್ರಿ ಪ್ರೇತವಾಗಿ ಮರಳುತ್ತಾಳೆ. ಹೊರದೂಡಲ್ಪಟ್ಟವಳು ಗಡಿ ದಾಟಿದ ಮರುದಿನ ಬೆಳಗ್ಗೆ ಯಾರ ಮನೆಯ ಬಾಗಿಲು ತಟ್ಟಿದಳು, ಯಾರು ತೆರೆದರು, ಅವಳು ಏನು ಉಂಡಳು ಎಂಬುದನ್ನು ಈ ಕಥೆಗಳು ಹೇಳುವುದಿಲ್ಲ. ವಲಸೆ ಬಂದ ಸಮುದಾಯಕ್ಕೆ ಕೊಟ್ಟ ವಿವರವನ್ನೇ, ನೆಲ, ಊಟ, ಮಾತು, ನೆರೆಹೊರೆ ಸಹಿತವಾಗಿ, ಆ ಒಬ್ಬಳ ಮುಂದಿನ ಬಾಳಿಗೂ ಕೊಡಬಲ್ಲ ಕೃತಿಗೆ ವಸ್ತುವು ಕರಾವಳಿಯ ಎರಡು ಭಾಷೆಗಳಲ್ಲೂ ಸಿದ್ಧವಾಗಿದೆ.